ನೀಲಿ ಎದ್ದ ಹೊಟ್ಟೆ

ನಮ್ಮ ದ್ವೀಪದ ಇಸಬೆಲಾ ಪಟ್ಟಣದ ಮೇಲಿನ ಗುಡ್ಡದಲ್ಲಿ ಮಗುವಿಗೆ ಹೊಟ್ಟೆನೋವು ಬಂದರೆ ಡಾಕ್ಟರ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಬರುತ್ತಿದ್ದುದು ದೋನ್ಯಾ ಬೆನಿಲ್ದಾಳ ಹೆಸರು, ದೋನ್ಯಾ ಎಂದರೆ ಅಮ್ಮಾವರು ಎಂದ ಹಾಗೆ. ತಿಂದದ್ದು ಕರುಳಿಗೆ ಅಂಟಿಕೊಂಡು ಕೂತರೆ ಅದಕ್ಕೆ ನಮ್ಮವರು ಎಂಪಾಚೊ ಅನ್ನುತ್ತಾರೆ. ಅದು ಮಾತ್ರೆಗೆ ಬಗ್ಗುವುದಿಲ್ಲ, ಕೈಯೇ ಬಿಡಿಸಬೇಕು ಎಂದು ಬೆನಿಲ್ದಾ ಹೇಳುತ್ತಿದ್ದಳು, ಗುಡ್ಡಕ್ಕೆ ಗುಡ್ಡವೇ ನಂಬಿತ್ತು. ಮಗುವನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಬೆಚ್ಚಗಿನ ಎಣ್ಣೆ ಸವರಿ, ಹೆಬ್ಬೆರಳಿನಿಂದ ಹೊಟ್ಟೆಯ ಮೇಲೊಂದು ಶಿಲುಬೆ ಎಳೆದು, ಬಾಯಲ್ಲಿ ಪ್ರಾರ್ಥನೆ ಗುನುಗುತ್ತ ಹೊಕ್ಕುಳಿನ ಸುತ್ತ ನೀವುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಕೋಳಿಯನ್ನೋ ಕಾಫಿಬೀಜವನ್ನೋ ತಂದುಕೊಟ್ಟರೆ ಬೇಡವೆನ್ನುವಷ್ಟು ಸಂತಳೂ ಆಗಿರಲಿಲ್ಲ.

ಆಕೆಯ ಹೆಸರು ಊರು ದಾಟಿ ಹೋಗಿದ್ದು ಬಿಳಿ ಮಕ್ಕಳಿಂದ. ನಮ್ಮ ಕಡೆ ಬಿಳಿ ಮಗು ಹುಟ್ಟುವುದು ಹೊಸದೇನಲ್ಲ. ಕಂದು ಬಣ್ಣದ ಅಪ್ಪ ಅಮ್ಮನಿಗೆ ಹಾಲುಬಣ್ಣದ ಚರ್ಮ, ಜೋಳದ ಜುಟ್ಟಿನಂಥ ಕೂದಲು, ನಿಂತಲ್ಲಿ ನಿಲ್ಲದೆ ಅತ್ತಿತ್ತ ಆಡುವ ಕಣ್ಣು ಇರುವ ಮಗು ಹುಟ್ಟಿಬಿಡುತ್ತದೆ. ಮನೆಗೊಂದು ಅಲ್ಲದಿದ್ದರೂ ಓಣಿಗೊಂದು ಇದ್ದೇ ಇರುತ್ತದೆ. ಬೇರೆ ಊರಿನವರಾಗಿದ್ದರೆ ಗಾಬರಿ ಬೀಳುತ್ತಿದ್ದರೇನೋ. ಇಲ್ಲಿ ಬಿಸಿಲಿಗೊಂದು ಟೋಪಿ ಹಾಕಿ, ಶಾಲೆಯಲ್ಲಿ ಮುಂದಿನ ಬೆಂಚಿಗೆ ಕೂರಿಸಿ ಸುಮ್ಮನಾಗುತ್ತಾರೆ. ಅದು ಕಾಯಿಲೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ಅದು ಬರೀ ಬಣ್ಣ.

ಕಂದು ಮಕ್ಕಳ ಹೊಟ್ಟೆಯನ್ನು ಎಷ್ಟು ನೀವಿದರೂ ಮಾರನೆಯ ದಿನ ಏನೂ ಕಾಣುತ್ತಿರಲಿಲ್ಲ. ಬಿಳಿ ಮಕ್ಕಳಾದರೆ ಬೆಳಗಾಗುವಷ್ಟರಲ್ಲಿ ಬೆರಳು ಆಡಿದ ಕಡೆಯೆಲ್ಲ ನೀಲಿ ಏಳುತ್ತಿತ್ತು. ಒಳಗಿನ ಕೆಟ್ಟದ್ದು ಚರ್ಮಕ್ಕೆ ಬಂದಿದೆ, ಇನ್ನು ಗುಣವಾಗುತ್ತದೆ ಎಂದು ಬೆನಿಲ್ದಾ ತೋರಿಸುತ್ತಿದ್ದಳು. ತಾಯಂದಿರು ಶಿಲುಬೆ ಮಾಡಿಕೊಂಡು ಆಕೆಯ ಕೈಗೆ ಮುತ್ತಿಡುತ್ತಿದ್ದರು. ನೀಲಿ ಹೆಚ್ಚು ಎದ್ದಷ್ಟೂ ಕೈ ದೊಡ್ಡದು ಎಂಬ ಲೆಕ್ಕ ಹುಟ್ಟಿದ್ದು ಹಾಗೆ. ಪಾಪ, ಆಕೆಯೂ ಅದನ್ನು ಮೋಸಕ್ಕೆ ಹೇಳುತ್ತಿರಲಿಲ್ಲ, ಎಲ್ಲರಿಗಿಂತ ಮೊದಲು ನಂಬಿದವಳು ಆಕೆಯೇ.

ಆ ವರ್ಷ ಹೊಟ್ಟೆನೋವು ಆಕೆಯ ಮನೆಯೊಳಕ್ಕೇ ಬಂತು. ಮಗ ಎಫ್ರೆನನ ಮಗಳು ಲುಸೇನಿಯಾ, ಏಳು ವರ್ಷದ ಬಿಳಿ ಹುಡುಗಿ, ಊಟ ಬಿಟ್ಟು ಮುದುಡಿ ಮಲಗತೊಡಗಿದಳು. ಎಫ್ರೆನ್ ಬೆಳಗಾದರೆ ಬಾಡಿಗೆ ಕಾರು ಓಡಿಸಿಕೊಂಡು ಪಕ್ಕದ ಪಟ್ಟಣ ಆಗ್ವಾದಿಯಾ ಕಡೆ ಹೋಗುವವನು. ಸೊಸೆ ನೆರೈದಾ ಪಟ್ಟಣದ ಕಾರ್ಖಾನೆಯಲ್ಲಿ ಒಳಉಡುಪು ಹೊಲಿಯುವವಳು. ಮಗು ಅಜ್ಜಿಯ ಪಾಲಿಗೇ ಇತ್ತು, ಅಜ್ಜಿಗೆ ಅದಕ್ಕಿಂತ ಬೇರೆ ಭಾಗ್ಯ ಬೇಕಿರಲಿಲ್ಲ.

"ಅಜ್ಜಿ, ಮೆಲ್ಲಗೆ."

"ಮೆಲ್ಲಗೆ ನೀವಿದ್ರೆ ಅದಕ್ಕೆ ಕಚಗುಳಿ ಆಗತ್ತೆ ಅಷ್ಟೇ ಕಣೇ, ಬಿಟ್ಟು ಹೋಗಲ್ಲ. ಏನು ತಿಂದೆ ಹೇಳು. ಹಸಿ ಮಾವಿನಕಾಯಿ ತಾನೆ?"

"ಇಲ್ಲಪ್ಪ."

"ಸುಳ್ಳುಬುರುಕಿ. ನನ್ನ ಬೆರಳಿಗೆ ಎಲ್ಲ ಗೊತ್ತಾಗತ್ತೆ."

ಲುಸೇನಿಯಾ ಹಲ್ಲು ಕಚ್ಚಿಕೊಂಡೇ ನಕ್ಕಳು. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಪ್ರೂದೆನ್ಸಿಯಾ ಕಾಫಿ ಕುಡಿಯಲು ಬಂದವಳು ಹುಡುಗಿಯ ಅಂಗಿ ಎತ್ತಿ ನೋಡಿ ಕೆನ್ನೆಗೆ ಕೈ ಹಚ್ಚಿದಳು.

"ಅಯ್ಯೋ ನನ್ನ ತಾಯಿ, ಎಂಥ ಕೈ ದೋನ್ಯಾ ನಿಮ್ದು! ಬದನೆಕಾಯಿ ಬಣ್ಣ ಬಂದ್ಬಿಟ್ಟಿದೆ!"

"ಇನ್ನೂ ಇದೆ ಒಳಗೆ. ಮೊಂಡು ಎಂಪಾಚೊ, ಇವರಪ್ಪನ ಹಾಗೆ," ಎಂದಳು ಬೆನಿಲ್ದಾ. ಒಳಗೊಳಗೇ ಹಿಗ್ಗಿದಳು.

ಆ ವಾರವೇ ರಾಜಧಾನಿಯಿಂದ ಡಾಕ್ಟರೊಬ್ಬಳು ಬಂದು ಶಾಲೆಯ ಹಜಾರದಲ್ಲಿ ಮೇಜು ಹಾಕಿಸಿದಳು. ಬಿಳಿ ಮಕ್ಕಳನ್ನೆಲ್ಲ ಕರೆತರಬೇಕು, ರಕ್ತ ನೋಡುತ್ತಾರೆ ಎಂದು ಹೇಳಿಕಳಿಸಿದರು. ನೆರೈದಾಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ, ಅಜ್ಜಿಯೇ ಕರೆದುಕೊಂಡು ಹೋದಳು. ಹಜಾರದ ತುಂಬ ಬಿಳಿ ತಲೆಗಳು. ಅವುಗಳಲ್ಲಿ ಅರ್ಧಕ್ಕರ್ಧ ಬೆನಿಲ್ದಾ ನೀವಿದ ಹೊಟ್ಟೆಗಳೇ. ತಾಯಂದಿರು ಎದ್ದು ಜಾಗ ಕೊಟ್ಟರು, ಆಕೆ ಮದುವೆಮನೆಯ ಹಿರಿಯಳ ಹಾಗೆ ನಡುವೆ ಕೂತಳು.

ಲುಸೇನಿಯಾಳ ತೋಳಿನಿಂದ ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದರು. ಕಂದು ಮಗುವಾಗಿದ್ದರೆ ಹತ್ತಿ ಬಿಸಾಡಿ ಎದ್ದುಹೋಗುವಷ್ಟು ಹೊತ್ತಾದರೂ ಇವಳದ್ದು ನೆನೆಯುತ್ತಲೇ ಇತ್ತು. ಡಾಕ್ಟರು ಹುಡುಗಿಯನ್ನು ಪರದೆಯ ಹಿಂದೆ ಮಲಗಿಸಿ ಅಂಗಿ ಎತ್ತಿದಳು.

"ಯಾರು ಹೊಡೆದಿದ್ದು ಈ ಮಗೂನ?"

ಬೆನಿಲ್ದಾಗೆ ನಗು ಬಂತು. "ಹೊಡೆಯೋದಾ? ನಾನು ನೀವಿರೋದು ಕಣಮ್ಮ. ಎಂಪಾಚೊ ಹೊರಗೆ ಬರ್ತಾ ಇದೆ. ನಿಂಗೆ ಮಕ್ಕಳಿದಾವಾ?"

"ಇಲ್ಲ."

"ಅದಕ್ಕೇ."

ಡಾಕ್ಟರಿಗೆ ಸಿಟ್ಟು ಬಂದಿದ್ದು ಮುಖದಲ್ಲಿ ಕಂಡಿತು. ಆದರೂ ಒಂದು ಸ್ಟೂಲು ಎಳೆದು ಮುದುಕಿಯ ಎದುರು ಕೂತಳು. "ಇಲ್ಲಿ ಕೇಳಿ ಅಮ್ಮ. ಈ ಮಕ್ಕಳಿಗೆ ಇರೋದು ಬಣ್ಣದ ತೊಂದರೆ ಮಾತ್ರ ಅಲ್ಲ. ರಕ್ತದ್ದೂ ಇದೆ. ನಮಗೆ ಗಾಯ ಆದ್ರೆ ರಕ್ತ ಹೆಪ್ಪುಗಟ್ಟತ್ತೆ, ಇವರಿಗೆ ಗಟ್ಟಲ್ಲ. ಅಪ್ಪನ ವಂಶದಿಂದ ಒಂದು ಪಾಲು, ಅಮ್ಮನ ವಂಶದಿಂದ ಒಂದು ಪಾಲು ಸೇರಿದ್ರೆ ಬರತ್ತೆ. ನೀವು ನೋಡ್ತಿರೋ ನೀಲಿ ಎಂಪಾಚೊ ಅಲ್ಲ. ನೀವು ಒತ್ತಿದ ಕಡೆ ಚರ್ಮದ ಕೆಳಗೆ ರಕ್ತ ಸೋರಿರೋದು."

"ನಲವತ್ತು ವರ್ಷದಿಂದ ನೀವ್ತಾ ಇದೀನಿ ನಾನು."

"ಇರಬಹುದು. ಇವಳ ಹೊಟ್ಟೆನೋವೂ ಅದೇ ಕಾಯಿಲೆದು ಅನ್ಸತ್ತೆ. ಕೆಲವರಿಗೆ ಕರುಳೇ ಹುಣ್ಣಾಗತ್ತೆ. ಹುಣ್ಣಿನ ಮೇಲೆ ಹೀಗೆ ಒತ್ತಿದ್ರೆ ಒಳಗೇ ಸೋರತ್ತೆ, ಹೊರಗೆ ಯಾರಿಗೂ ಕಾಣಲ್ಲ. ಮಗು ಸತ್ತುಹೋಗಬಹುದು. ಇವಳ ತಾಯಿಗೆ ಹೇಳಿ, ಹೊಟ್ಟೆ ಯಾರೂ ಮುಟ್ಟಬಾರದು, ಆಸ್ಪಿರಿನ್ ಕೊಡಬಾರದು. ಸೋಮವಾರ ಮಯಾಗ್ವೇಸ್ ಆಸ್ಪತ್ರೆಗೆ ಕರ್ಕೊಂಡು ಬರ್ಲಿ. ಹೇಳ್ತೀರಿ ತಾನೆ?"

"ಹೇಳ್ತೀನಿ ಬಿಡು," ಎಂದು ಬೆನಿಲ್ದಾ ಎದ್ದಳು.

ಹೇಳಲಿಲ್ಲ. ಸಂಜೆ ನೆರೈದಾ ಬಂದು, ಶಾಲೆಯಲ್ಲಿ ಏನಾಯಿತು ಅತ್ತೆ ಎಂದಾಗ, "ರಕ್ತ ತೆಗೆದ್ರು, ಬಿಸ್ಕತ್ತು ಕೊಟ್ರು," ಎಂದು ಒಲೆಯ ಕಡೆ ತಿರುಗಿದಳು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ಏನೋ ಬೊಗಳಿದಳೆಂದು ಮನೆಯಲ್ಲಿ ಅದನ್ನು ಹರಡಬೇಕೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನವೇನೂ ಆಗಲಿಲ್ಲ. ಸತ್ತುಹೋಗಬಹುದು ಎಂಬ ಮಾತು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಬಾಯೊಳಗೇ ಉಳಿದಿತ್ತು.

ಮಾರನೆಯ ದಿನ ಹುಡುಗಿಗೆ ಸ್ನಾನ ಮಾಡಿಸಿ ಕಾಲು ಒರೆಸುವಾಗ ಆಕೆಗೊಂದು ಯೋಚನೆ ಬಂತು. ಎಂಪಾಚೊ ಇರುವುದು ಹೊಟ್ಟೆಯಲ್ಲಿ. ಬೇಕಾದರೆ ಬೆನ್ನಿಗೆ ಇಳಿಯಬಹುದು. ಮೀನಖಂಡಕ್ಕೆ ಬರಲು ಅದಕ್ಕೆ ದಾರಿಯೇ ಇಲ್ಲ. ಹಾಗಿದ್ದ ಮೇಲೆ ಅಲ್ಲಿ ನೀವಿದರೆ ಏನೂ ಏಳಬಾರದು. ಆಕೆ ಎಣ್ಣೆ ತಂದಳು, ಲುಸೇನಿಯಾಳ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮೀನಖಂಡವನ್ನು ಹೊಟ್ಟೆಯನ್ನು ನೀವುವ ಹಾಗೆಯೇ ನೀವಿದಳು.

"ನಂಗೆ ಕಾಲು ನೋಯ್ತಿಲ್ಲ ಅಜ್ಜಿ."

"ಗೊತ್ತು. ಸುಮ್ನೆ ಕೂತ್ಕೊ."

ಬೆಳಿಗ್ಗೆ ಕಾಲುಚೀಲ ಹಾಕುವ ನೆಪದಲ್ಲಿ ನೋಡಿದಳು. ಮೊಣಕಾಲಿನ ಕೆಳಗೆ ಆಕೆಯ ಹೆಬ್ಬೆರಳು ಓಡಿದ ದಾರಿಯೆಲ್ಲ ನೀಲಿ ಎದ್ದಿತ್ತು. ಬೆರಳಿನ ಅಗಲ ಕೂಡ ಗೊತ್ತಾಗುತ್ತಿತ್ತು. ಬೆನಿಲ್ದಾ ಆ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು, ಸರಿಯಾಗಿ ಕೂತಿತು. ತಾನು ನೀವಿದ ಬಿಳಿ ಮಕ್ಕಳ ಮನೆ ಒಂದೊಂದೇ ಕಣ್ಣೆದುರು ಬಂತು. ಕೆಳಗಿನ ಓಣಿಯ ಅವಳಿ ಮಕ್ಕಳು. ಹಾಲಿನಗಿಣ್ಣು ಮಾರುವವಳ ಮಗ. ಬಾವಿ ಹತ್ತಿರದ ಮನೆಯ ಕೂಸು, ನೀವಿದ ಮೂರನೆಯ ದಿನ ಕಣ್ಣು ಮುಚ್ಚಿತ್ತು. ಎಂಪಾಚೊ ತುಂಬ ಆಳ ಇಳಿದಿತ್ತು, ತಡವಾಗಿ ತಂದರು ಎಂದು ಆಗ ಬೆನಿಲ್ದಾ ಹೇಳಿದ್ದಳು. ಆ ತಾಯಿ ಇವತ್ತಿಗೂ ಸುಗ್ಗಿಯಲ್ಲಿ ಕಾಫಿ ಕಳಿಸುತ್ತಾಳೆ. ನೀನಾದರೂ ಕೈಲಾದ್ದು ಮಾಡಿದೆಯಲ್ಲ ದೋನ್ಯಾ ಎನ್ನುತ್ತಾಳೆ.

ಆವತ್ತಿನಿಂದ ಆಕೆ ನೀವುವುದನ್ನು ಬಿಟ್ಟಳು. ಬಾಗಿಲಿಗೆ ಬಂದವರಿಗೆಲ್ಲ ಒಂದೇ ಮಾತು: "ಕೈ ತಣ್ಣಗಾಗಿದೆ ಕಣ್ರಮ್ಮ. ದೇವರು ಕೊಟ್ಟಿದ್ದು, ದೇವರೇ ತಗೊಂಡ." ಅರ್ಧ ಹೇಳಿದರೆ ಸಾಕು, ಮಕ್ಕಳು ಉಳಿಯುತ್ತವೆ, ತನ್ನ ಮರ್ಯಾದೆಯೂ ಉಳಿಯುತ್ತದೆ ಎಂದು ಆಕೆ ಎಣಿಸಿದ್ದಳು. ಜನ ಅಯ್ಯೋ ಎಂದರು, ಮೇಣದ ಬತ್ತಿ ಹಚ್ಚಿದರು, ಮಕ್ಕಳನ್ನು ಎತ್ತಿಕೊಂಡು ಗುಡ್ಡದ ಆ ಬದಿಗೆ ತೊರಿಬ್ಯೊನ ಮನೆಗೆ ನಡೆದರು.

ಈ ತೊರಿಬ್ಯೊ ಮೊದಲು ಕಬ್ಬು ಕಡಿದು ತನ್ನ ಹಳೆಯ ಲಾರಿಯಲ್ಲಿ ಸಾಗಿಸುತ್ತಿದ್ದ ಆಳು. ಬೆನ್ನುನೋವಿನಿಂದ ಆ ಕೆಲಸ ಆಗದಾದ ಮೇಲೆ ಬೆನಿಲ್ದಾಳ ಶಿಷ್ಯನಾಗಿ, ಆಕೆಯ ಅಂಗಳ ಗುಡಿಸಿ, ನೀವುವುದನ್ನು ಕಲಿತಿದ್ದ. ಪ್ರಾರ್ಥನೆ ಕಲಿಸಿದವಳು ಆಕೆ. ನೀಲಿ ಕಾಣುವ ತನಕ ಬಿಡಬೇಡ, ಮಗು ಅತ್ತರೆ ನಿನ್ನ ಮನಸ್ಸು ಕರಗಬಾರದು ಎಂದು ಹೇಳಿಕೊಟ್ಟವಳೂ ಆಕೆಯೇ.

ಸೋಮವಾರ ಬಂತು, ಹೋಯಿತು. ಮಯಾಗ್ವೇಸಿಗೆ ಯಾಕೆ ಎಂದು ಸೊಸೆ ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು, ಬೆನಿಲ್ದಾ ಬಾಯಿ ಬಿಡಲಿಲ್ಲ. ಎರಡು ದಿನ ಹುಡುಗಿ ಸ್ವಲ್ಪ ಹುಷಾರಾಗಿದ್ದುದರಿಂದ ತಾನಾಗಿಯೇ ವಾಸಿಯಾದೀತು ಎಂಬ ಆಸೆಯೂ ಹುಟ್ಟಿತ್ತು. ಮೂರನೆಯ ದಿನ ನೋವು ತಿರುಗಿ ಬಂತು. ಬೇಯಿಸಿದ ಬಾಳೆಕಾಯಿ ಒಂದು ತುಂಡು ತಿಂದು ಅದನ್ನೂ ಕಕ್ಕಿದಳು. ಕಕ್ಕಸಿನಲ್ಲಿ ರಕ್ತ ಕಂಡು ನೆರೈದಾ ಓಡಿಬಂದಳು.

"ಅತ್ತೆ, ಒಂದ್ಸಲ ನೀವಿ. ಒಂದೇ ಸಲ."

"ಆಗಲ್ಲ ನೆರೈದಾ. ಕೈಯಲ್ಲಿ ಶಕ್ತಿ ಇಲ್ಲ."

"ನಿನ್ನೆ ಒಬ್ಬರೇ ಹಂಡೆ ಎತ್ತಿದ್ರಲ್ಲ? ಊರ ಮಕ್ಕಳಿಗೆಲ್ಲ ಇದ್ದ ಕೈ ನನ್ನ ಮಗಳಿಗೆ ಇಲ್ವಾ?" ನೆರೈದಾ ಕೂತು ಅತ್ತೆಯ ಮೊಣಕಾಲು ಹಿಡಿದಳು. "ನನ್ನ ಮೇಲೆ ಏನಾದ್ರೂ ಸಿಟ್ಟಿದ್ರೆ ನನಗೆ ಬೈರಿ. ಕೆಲಸಕ್ಕೆ ಹೋಗ್ತೀನಿ ಅಂತ ನಿಮಗೆ ಮೊದಲಿನಿಂದಲೂ ಆಗಲ್ಲ, ಗೊತ್ತು. ಬೇಕಾದ್ರೆ ಬಿಡ್ತೀನಿ. ಮಗೂ ಮೇಲೆ ತೀರಿಸ್ಕೋಬೇಡಿ."

ಈಗ ಹೇಳಬೇಕಿತ್ತು. ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ಬಾವಿ ಹತ್ತಿರದ ಮನೆಯವಳ ಮುಖ ಕಣ್ಣ ಮುಂದೆ ಬಂತು. ಇವಳಿಗೆ ಹೇಳಿದರೆ ಇವಳು ಕಾರ್ಖಾನೆಯಲ್ಲಿ ಹೇಳುತ್ತಾಳೆ, ನಾಳೆ ಆ ತಾಯಿ ಬಾಗಿಲಲ್ಲಿ ನಿಲ್ಲುತ್ತಾಳೆ.

"ಎಫ್ರೆನ್ ಬರ್ಲಿ. ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ," ಎಂದಳು ಬೆನಿಲ್ದಾ.

"ಆಸ್ಪತ್ರೆಗಾ?" ನೆರೈದಾ ಕಣ್ಣು ಅಗಲಿಸಿದಳು. "ಎಂಪಾಚೊಗೆ ಡಾಕ್ಟರ ಹತ್ರ ಹೋದವರನ್ನ ನೋಡಿ ನಗ್ತಿದ್ದವರು ನೀವು." ಎದ್ದು ಒಳಗೆ ಹೋದಳು.

ಎಫ್ರೆನ್ ಆ ರಾತ್ರಿ ಬರಲಿಲ್ಲ, ಕಾರು ಕೆಟ್ಟು ಆಗ್ವಾದಿಯಾದಲ್ಲೇ ಉಳಿದನೆಂದು ಯಾರೋ ಹೇಳಿದರು. ಬೆಳಿಗ್ಗೆ ಓಣಿಯಲ್ಲಿ ಸತ್ತವರೊಬ್ಬರ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆ ಇತ್ತು. ಬೆನಿಲ್ದಾ ಹೋಗದಿದ್ದರೆ ಪ್ರಾರ್ಥನೆ ಎತ್ತಿಕೊಡುವವರಿಲ್ಲ. ಹೋದಳು. ಮಂಡಿಯೂರಿ ಕೂತಾಗ ಬಾಯಿ ತನ್ನ ಪಾಡಿಗೆ ಪ್ರಾರ್ಥನೆ ಹೇಳುತ್ತಿತ್ತು, ಮನಸ್ಸು ಮಾತ್ರ ಮನೆಗೆ ಹೋದ ಕೂಡಲೇ ಹೇಳಿಬಿಡುತ್ತೇನೆ, ಹೇಳಿಬಿಡುತ್ತೇನೆ ಎನ್ನುತ್ತಿತ್ತು.

ಮನೆಯಲ್ಲಿ ಮಂಚ ಖಾಲಿ ಇತ್ತು. ಬೇಲಿಯ ಆಚೆಯಿಂದ ಪ್ರೂದೆನ್ಸಿಯಾ ಕೂಗಿದಳು: "ಹುಡುಕಬೇಡಿ ದೋನ್ಯಾ! ನೆರೈದಾ ಮಗೂನ ತೊರಿಬ್ಯೊ ಹತ್ರ ಎತ್ಕೊಂಡು ಹೋದ್ಲು. ನಾನೇ ಹೇಳ್ದೆ. ನಿಮ್ಮ ಕೈಯಂತೂ ತಣ್ಣಗಾಯ್ತು, ಅವನದ್ದು ಒನಕೆ ಇದ್ದಂಗಿದೆ, ಒಂದೇ ಸಲಕ್ಕೆ ಇಳಿಸ್ತಾನೆ ಅಂತ."

"ಯಾವಾಗ?"

"ನೀವು ಅತ್ತ ಹೋದ್ರಿ, ಅವಳು ಇತ್ತ ಹೋದ್ಲು."

ಬೆನಿಲ್ದಾ ಓಡಿದಳು. ಅರವತ್ತು ದಾಟಿದ ಹೆಂಗಸು ಕರಿಯ ಲಂಗ ಎತ್ತಿ ಹಿಡಿದು ಏರು ಹತ್ತುವುದನ್ನು ಕಂಡು ಜನ ಏನು ಸಮಾಚಾರ ಎಂದು ಕೂಗಿದರು. ಚಪ್ಪಲಿ ಒಂದು ದಾರಿಯಲ್ಲೇ ಉಳಿಯಿತು. ಸಮುದ್ರದ ಗಾಳಿ ಎದುರಿಗೆ ಬೀಸುತ್ತಿತ್ತು. ಬರೀ ಹೊಕ್ಕುಳ ಸುತ್ತ ನೀವಿರಲಿ, ಅಲ್ಲಿಗೇ ನಿಲ್ಲಿಸಿರಲಿ ಎಂದು ದೇವರನ್ನು ಬೇಡುತ್ತ ಹೋದಳು. ತಾನು ಕಲಿಸಿದ್ದು ಅಲ್ಲಿಗೇ ನಿಲ್ಲಿಸುವುದನ್ನಲ್ಲ ಎಂಬುದು ಆಕೆಗೆ ಗೊತ್ತಿತ್ತು.

ತೊರಿಬ್ಯೊನ ಜಗಲಿಯ ಮೇಲೆ ಐದಾರು ತಾಯಂದಿರು ಕೂತಿದ್ದರು. ಇಬ್ಬರ ಮಡಿಲಲ್ಲಿ ಬಿಳಿ ಮಕ್ಕಳು. ದೋನ್ಯಾ ಬಂದಳೆಂದು ಎಲ್ಲರೂ ದಾರಿ ಬಿಟ್ಟರು. ಒಳಗೆ ತೊರಿಬ್ಯೊ ಟವೆಲಿನಲ್ಲಿ ಎಣ್ಣೆಗೈ ಒರೆಸಿಕೊಳ್ಳುತ್ತಿದ್ದ. ಗುರುವನ್ನು ಕಂಡು ಅವನ ಮುಖ ಅರಳಿತು.

"ಸರಿಯಾದ ಹೊತ್ತಿಗೆ ಬಂದ್ರಿ ದೋನ್ಯಾ. ಬನ್ನಿ ನೋಡಿ. ಈಗಷ್ಟೇ ಕೈ ತೆಗೆದೆ, ಆಗ್ಲೇ ಎದ್ದಿದೆ! ನಿಮ್ಮ ಕಾಲದಲ್ಲೂ ಇಷ್ಟು ಬೇಗ ಎದ್ದಿರ್ಲಿಲ್ಲ, ಹೌದೋ ಅಲ್ವೋ ಹೇಳಿ."

ಲುಸೇನಿಯಾ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕೆಲುಬಿನಿಂದ ತೊಡೆಸಂದಿಯ ತನಕ ಹೊಟ್ಟೆ ಕಪ್ಪುನೀಲಿಯಾಗಿತ್ತು. ನೆರೈದಾ ತಲೆಯ ಹತ್ತಿರ ಕೂತು ಮಗಳ ಕೂದಲು ಸವರುತ್ತಿದ್ದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ ಇತ್ತು.

"ಅಳು ನಿಂತಿತು ಅತ್ತೆ. ಪಾಪ, ಮೊದಲು ತುಂಬಾ ಕಿರುಚಿದ್ಲು. ಈಗ ನೋವೇ ಇಲ್ವಂತೆ, ನಿದ್ದೆ ಬರ್ತಿದೆ ಅಂದ್ಲು."

ಬೆನಿಲ್ದಾ ಬಾಗಿ ಅಂಗೈಯನ್ನು ಹೊಟ್ಟೆಗೆ ತಾಗಿಯೂ ತಾಗದ ಹಾಗೆ ಇಟ್ಟಳು. ಮೆದುವಾಗಿ ಇರಬೇಕಾದ ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಹುಡುಗಿಯ ತುಟಿಯಲ್ಲಿ ಬಣ್ಣವೇ ಇರಲಿಲ್ಲ, ಹಣೆ ತಣ್ಣಗೆ ಬೆವರಿತ್ತು.

"ತೊರಿಬ್ಯೊ, ನಿನ್ನ ಲಾರಿ ತೆಗಿ. ಆಸ್ಪತ್ರೆಗೆ."

"ಆಸ್ಪತ್ರೆಗೆ ಯಾಕೆ? ಎಲ್ಲ ಹೊರಗೆ ಬಂದಿದೆಯಲ್ಲ."

"ಅದು ರಕ್ತ ಕಣೋ!" ಆಕೆಯ ದನಿ ಜಗಲಿಯ ತನಕ ಕೇಳಿತು. "ಎಂಪಾಚೊನೂ ಅಲ್ಲ, ಮಣ್ಣೂ ಅಲ್ಲ. ಬಿಳಿ ಮಕ್ಕಳ ರಕ್ತ ನಿಲ್ಲಲ್ಲ. ಒತ್ತಿದ ಕಡೆಯೆಲ್ಲ ಸೋರತ್ತೆ. ನಾನು ನೀವಿದ ಎಲ್ಲ ಮಕ್ಕಳಿಗೂ ಸೋರಿದ್ದು ಅದೇ. ಲಾರಿ ತೆಗಿಯೋ ಮುಠ್ಠಾಳ!"

ತೊರಿಬ್ಯೊ ನಕ್ಕ. ಹೊಟ್ಟೆಕಿಚ್ಚು ಎಂದುಕೊಂಡನೋ ಏನೋ. ಆಮೇಲೆ ಆಕೆಯ ಮುಖ ನೋಡಿ ಟವೆಲು ಕೆಳಗೆ ಹಾಕಿ ಹೊರಗೆ ಓಡಿದ. ಜಗಲಿಯಲ್ಲಿ ಒಬ್ಬ ತಾಯಿ ತನ್ನ ಬಿಳಿ ಮಗುವನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು. ಉಳಿದವರು ಕೂತೇ ಇದ್ದರು.

ನೆರೈದಾ ಎದ್ದಿರಲಿಲ್ಲ. "ಯಾರು ಹೇಳಿದ್ದು ನಿಮಗೆ ಇದು?"

"ಡಾಕ್ಟರು. ಶಾಲೆಯಲ್ಲಿ."

"ಆ ದಿನಾನೇ?"

"ನಂಬಿರ್ಲಿಲ್ಲ ಕಣೇ. ಆಮೇಲೆ ಇವಳ ಕಾಲು ನೀವಿ ನೋಡ್ದೆ. ಆಗ ಗೊತ್ತಾಯ್ತು."

"ಗೊತ್ತಾಯ್ತು," ಎಂದಳು ನೆರೈದಾ. ನಿನ್ನೆ ತಾನು ಹಿಡಿದುಕೊಂಡಿದ್ದ ಅತ್ತೆಯ ಮೊಣಕಾಲುಗಳನ್ನು ಒಂದು ಸಲ ನೋಡಿದಳು. ಮಗಳನ್ನು ಚಾದರ ಸಮೇತ ಎತ್ತಿಕೊಂಡು ಬಾಗಿಲು ದಾಟಿದಳು.

ಲಾರಿ ಗುಡ್ಡ ಇಳಿಯುವಾಗ ಮೂವರೂ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂತಿದ್ದರು. ಪ್ರತಿ ಗುಂಡಿಗೂ ತೊರಿಬ್ಯೊ ಮೇರಿ ಮಾತೆಯನ್ನು ಕರೆಯುತ್ತಿದ್ದ. ಹುಡುಗಿ ತಾಯಿಯ ಮಡಿಲಲ್ಲಿ ಒಮ್ಮೆ ಕಣ್ಣು ತೆರೆದಳು. ಆ ಕಣ್ಣುಗಳು ಎಂದಿನ ಹಾಗೆ ಅತ್ತಿತ್ತ ಆಡಿ, ಅಜ್ಜಿಯ ಕರಿಯ ಬಟ್ಟೆಯನ್ನು ಗುರುತು ಹಿಡಿದವು.

"ಅಜ್ಜಿ... ಅವರ ಕೈ ಗಟ್ಟಿ," ಎಂದಳು. ದನಿ ಕೇಳಿಯೂ ಕೇಳದಷ್ಟಿತ್ತು. "ನಿನ್ನ ಕೈ ಇಡು."

ಬೆನಿಲ್ದಾಳ ಕೈ ತಾನಾಗಿಯೇ ಎದ್ದಿತು. ನೆರೈದಾ ಮಗಳ ಹೊಟ್ಟೆಯ ಮೇಲೆ ತನ್ನ ತೋಳು ಅಡ್ಡ ಹಾಕಿದಳು.

"ಮುಟ್ಟಬೇಡಿ," ಎಂದಳು.

ಲುಸೇನಿಯಾ ಅಜ್ಜಿಯ ಕೈಗಾಗಿ ಕಾಯುತ್ತ ಕಣ್ಣು ಮುಚ್ಚಿದಳು. ಆಸ್ಪತ್ರೆ ಇನ್ನೂ ದೂರ ಇತ್ತು.